ಒಂದು ಅರ್ಜಿ, ಎರಡು ಪ್ರೂಫು

"ಒಂದು ಅರ್ಜಿ ತುಂಬಾಕ ಇಪ್ಪತ್ತು ತಾಸು ಯಾಕ ಬೇಕವಾ?"

ಅಪ್ಪ ಹೀಗೆ ಕೇಳಿದ್ದು 2024ರ ದೀಪಾವಳಿ ಮುಗಿದ ಮರುದಿನ, ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ. ಅವನಿಗೆ ಅರ್ಜಿ ಅಂದರೆ ತಹಸೀಲ್ದಾರ ಕಚೇರಿಯದು. ಹೆಸರು, ತಂದೆಯ ಹೆಸರು, ಸರ್ವೆ ನಂಬರು, ಕೆಳಗೊಂದು ಸಹಿ. ತುಂಬಲು ಹತ್ತು ನಿಮಿಷ, ಕಾಯಲು ಮೂರು ತಿಂಗಳು. ನಾನು ಲ್ಯಾಪ್‌ಟಾಪ್ ಮುಂದೆ ಕೂತು, ಗಡಿಯಾರ ನೋಡಿಕೊಂಡು, ನೋಟುಬುಕ್ಕಿನಲ್ಲಿ ತಾಸಿನ ಲೆಕ್ಕ ಬರೆಯುತ್ತಿದ್ದದ್ದು ಅವನಿಗೆ ತಮಾಷೆಯಾಗಿ ಕಂಡಿರಬೇಕು.

ಎಐ ಸುರಕ್ಷತೆಯ ಸಂಶೋಧನೆಗೆ ಹೊಸಬರನ್ನು ತಯಾರು ಮಾಡುವ ತರಬೇತಿಗಳು ಈಚಿನ ವರ್ಷಗಳಲ್ಲಿ ಹುಟ್ಟಿಕೊಂಡಿವೆ. ಹೆಚ್ಚು ಹೆಸರಾದದ್ದು ಅಮೆರಿಕದ ಬರ್ಕ್ಲಿಯಲ್ಲಿರುವ ಮ್ಯಾಟ್ಸ್. 2021ರ ಕೊನೆಯ ಹೊತ್ತಿಗೆ ಸ್ಟ್ಯಾನ್‌ಫರ್ಡಿನ ಒಂದು ಬಳಗದ ಆಸರೆಯಲ್ಲಿ ಶುರುವಾಗಿ ಆಮೇಲೆ ಸ್ವಂತ ಕಾಲ ಮೇಲೆ ನಿಂತದ್ದು. ಪಳಗಿದ ಸಂಶೋಧಕರೊಬ್ಬರ ಕೈಕೆಳಗೆ ಕೆಲವು ವಾರ ಕೂತು ಒಂದು ಪ್ರಶ್ನೆಯ ಬೆನ್ನು ಹತ್ತುವುದು ಅಲ್ಲಿನ ಕ್ರಮ. ಕೆಲವು ಮೆಂಟರುಗಳು ಅಭ್ಯರ್ಥಿಯ ಅಂಕಪಟ್ಟಿಗಿಂತ ಅವನು ಮಾಡಿ ತೋರಿಸಿದ ಕೆಲಸವನ್ನು ನೋಡುತ್ತಾರೆ. ಇಂತಿಷ್ಟು ತಾಸು ಕೊಡುತ್ತೇವೆ, ನಿಮಗೆ ಬೇಕಾದ ಸಣ್ಣ ಸಮಸ್ಯೆ ಆರಿಸಿಕೊಳ್ಳಿ, ಏನು ಸಿಕ್ಕಿತು ಏನು ಸಿಗಲಿಲ್ಲ ಬರೆದು ಕಳಿಸಿ ಅನ್ನುತ್ತಾರೆ. ಅಂಥದೇ ಒಂದು ತರಬೇತಿಗೆ (ಹೆಸರು ಬೇಡ) ನಾನು ಅರ್ಜಿ ಹಾಕಲು ಹೊರಟಿದ್ದೆ.

"ಪುಣ್ಯಾಶ್ರಮದಾಗ ಗವಾಯಿಗಳ ಕಡೆ ಹುಡುಗರನ್ನ ಬಿಡ್ತಾರಲ್ಲಪ್ಪಾ, ಹಂಗ ತಿಳಕೋ" ಅಂದೆ.

"ಅಲ್ಲಿ ಮೊದಲ ಸಾ ಹಚ್ಚು ಅಂತಾರ."

"ಇಲ್ಲೂ ಅದನ್ನ ಅಂತಾರ. ಸಾ ಹಚ್ಚಾಕ ಇಪ್ಪತ್ತು ತಾಸು."

ಈ ಉತ್ತರ ಅವನಿಗೆ ಹಿಡಿಸಿತು. ಗದಗಿನವರಿಗೆ ಗುರುವನ್ನು ಹುಡುಕುವ ಕಥೆ ಹೊಸದಲ್ಲ. ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ಹುಡುಗ, ಮನೆ ಬಿಟ್ಟು ಓಡಿಹೋದದ್ದು ಇಲ್ಲಿಂದಲೇ. ಗ್ವಾಲಿಯರ್ ಅಂತ ಎಲ್ಲೆಲ್ಲೋ ತಿರುಗಿ, ಕಡೆಗೆ ಗುರು ಸಿಕ್ಕದ್ದು ಕುಂದಗೋಳದಲ್ಲಿ. ಗದಗಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದಾದ ಊರು. ಅಪ್ಪ ಈ ಕಥೆಯನ್ನು ಆ ದಿನ ಮತ್ತೆ ಹೇಳಿದ. ನಾನು ಅರ್ಧ ಕಿವಿ ಕೊಟ್ಟೆ. ನನ್ನ ತಾಸು ಓಡುತ್ತಿತ್ತು.

ನಾನು ಆರಿಸಿಕೊಂಡ ಸಮಸ್ಯೆ ಇದು. ದೊಡ್ಡ ಭಾಷಾ ಮಾದರಿಗಳಿಗೆ ಕೆಟ್ಟ ಕೆಲಸಕ್ಕೆ ನೆರವಾಗಬೇಡ ಎಂದು ಕಲಿಸಿರುತ್ತಾರೆ. ಬಾಂಬು ಮಾಡುವುದು ಹೇಗೆ ಅಂದರೆ "ಕ್ಷಮಿಸಿ, ಸಾಧ್ಯವಿಲ್ಲ" ಅನ್ನುತ್ತವೆ. ಆದರೆ ಈ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ ಆಗಿರುತ್ತದೆ. 2023ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಮೂವರು ಒಂದು ಪ್ರಯೋಗ ಮಾಡಿದರು. ಕೆಟ್ಟ ಪ್ರಶ್ನೆಗಳನ್ನು ಯಂತ್ರದಿಂದಲೇ ಜುಲು, ಸ್ಕಾಟಿಷ್ ಗೇಲಿಕ್, ಮೋಂಗ್, ಗ್ವಾರಾನಿಯಂಥ ಭಾಷೆಗಳಿಗೆ ಅನುವಾದಿಸಿ ಜಿಪಿಟಿ-4ಕ್ಕೆ ಕೊಟ್ಟರು. ಇಂಗ್ಲಿಷಿನಲ್ಲಿ ನೂರಕ್ಕೆ ಒಂದು ಸಲವೂ ಬಾಗಿಲು ತೆರೆಯದ ಮಾದರಿ, ಆ ಸಣ್ಣ ಭಾಷೆಗಳನ್ನೆಲ್ಲ ಒಟ್ಟಿಗೆ ಬಳಸಿದಾಗ ನೂರಕ್ಕೆ 79 ಪ್ರಶ್ನೆಗಳಿಗೆ ತೆರೆಯಿತು ಎಂದು ಬರೆದರು. ಅದನ್ನು ಓದಿದಾಗಿನಿಂದ ನನಗೆ ಒಂದೇ ಧ್ಯಾನ: ಕನ್ನಡದಲ್ಲಿ ಎಷ್ಟು?

ಇನ್ನೊಂದು ಆಸೆಯೂ ಇತ್ತು. 2024ರಲ್ಲಿ ಮ್ಯಾಟ್ಸ್‌ನ ಕಲಿಕೆಯವರು, ನೀಲ್ ನಂದಾ ಅವರ ಮಾರ್ಗದರ್ಶನದಲ್ಲಿ, ಒಂದು ಸೊಗಸಾದ ಸಂಗತಿ ಕಂಡುಹಿಡಿದಿದ್ದರು. ಮಾದರಿಯ ಒಳಗೆ ನಡೆಯುವುದೆಲ್ಲ ಸಂಖ್ಯೆಗಳ ಓಡಾಟ. "ಒಲ್ಲೆ" ಅನ್ನುವ ಗುಣ ಆ ಸಂಖ್ಯೆಗಳ ಬಯಲಿನಲ್ಲಿ ಒಂದೇ ಒಂದು ದಿಕ್ಕಿನಲ್ಲಿ ಕೂತಿರುತ್ತದೆ, ಆ ದಿಕ್ಕನ್ನು ಅಳಿಸಿದರೆ ಮಾದರಿಗೆ ಒಲ್ಲೆನ್ನಲು ಬರುವುದೇ ಇಲ್ಲ. ಹದಿಮೂರು ಮುಕ್ತ ಮಾದರಿಗಳಲ್ಲಿ ಅವರು ಇದನ್ನು ತೋರಿಸಿದ್ದರು. ಇಂಗ್ಲಿಷಿನಲ್ಲಿ ಸಿಕ್ಕ ಆ ದಿಕ್ಕು ಕನ್ನಡದ ಪ್ರಶ್ನೆ ಕೇಳಿದಾಗಲೂ ಮಿಸುಕುತ್ತದೆಯೇ ಎಂದು ನೋಡುವುದು ನನ್ನ ಯೋಜನೆ. ಬಹಳ ಜಾಣ ಯೋಜನೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ತಾಸಿನ ಲೆಕ್ಕದಲ್ಲಿ ಜಿಪಿಯು ಬಾಡಿಗೆ ಹಿಡಿದೆ. ಸಣ್ಣದೊಂದು ಮುಕ್ತ ಮಾದರಿ ತಗೊಂಡೆ. ಇಂಗ್ಲಿಷಿನ ಕೆಟ್ಟ ಪ್ರಶ್ನೆಗಳ ಪಟ್ಟಿಗಳು ಸಿದ್ಧವಾಗಿ ಸಿಗುತ್ತವೆ. ಅವುಗಳಿಂದ ಅರವತ್ತು ಆರಿಸಿ, ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿದೆ. ಉತ್ತರದಲ್ಲಿ "ಕ್ಷಮಿಸಿ", "ಸಾಧ್ಯವಿಲ್ಲ" ಎಂಬ ಮಾತು ಇದ್ದರೆ ಸುರಕ್ಷಿತ, ಇಲ್ಲದಿದ್ದರೆ ಅಪಾಯ ಎಂದು ಎಣಿಸುವ ನಾಲ್ಕು ಸಾಲಿನ ಕೋಡ್ ಬರೆದೆ. ಓಣಿಯ ಕಡೆಯಲ್ಲಿ ಯಾರದೋ ಮಗ್ಗ ಕಟಕಟ ಅನ್ನುತ್ತಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಕೋಷ್ಟಕ ಬಂತು. ಇಂಗ್ಲಿಷಿನ ಕಾಲಂ ತುಂಬ "ಸುರಕ್ಷಿತ", ಕನ್ನಡದ ಕಾಲಂ ತುಂಬ "ಅಪಾಯ". ನಾನು ಕುಣಿಯುವುದೊಂದು ಬಾಕಿ. ಹದಿನಾಲ್ಕು ತಾಸು ಮುಗಿದಿದ್ದವು. ಉಳಿದ ಆರರಲ್ಲಿ ಆ ದಿಕ್ಕಿನ ಚಿತ್ರವೊಂದನ್ನು ಬರೆದು, ವರದಿ ಮಾಡಿ ಕಳಿಸಿಬಿಡುವುದು ಎಂದು ಮಲಗಿದೆ.

ಬೆಳಿಗ್ಗೆ ಅಪ್ಪ ಕೇಳಿದ್ದು ಒಂದೇ ಮಾತು: "ಪ್ರೂಫ್ ಓದಿದ್ಯಾ?"

ಅಪ್ಪ ಗದಗಿನ ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸಿದವನು. ಮುದ್ರಣ ಕಾಶಿ ಎಂದು ಕರೆಸಿಕೊಂಡ ಊರಿನಲ್ಲಿ ಕಂಪೋಜಿಟರ್ ಆಗುವುದು ಒಂದು ಕಾಲಕ್ಕೆ ಮರ್ಯಾದೆಯ ಕೆಲಸ. ಎಡಗೈಯಲ್ಲಿ ಸ್ಟಿಕ್ಕು, ಬಲಗೈ ಕೇಸಿನ ಖಾನೆಗಳ ಮೇಲೆ ಕಣ್ಣಿಲ್ಲದೆ ಓಡಾಡುವುದು. ಅಕ್ಷರಕ್ಕೊಂದು ಮೊಳೆ, ಒತ್ತಿಗೊಂದು ಮೊಳೆ, ಎಲ್ಲ ಉಲ್ಟಾ. ಅಪ್ಪನಿಗೆ ಉಲ್ಟಾ ಅಕ್ಷರ ಸುಲ್ಟಾಕ್ಕಿಂತ ಬೇಗ ಓದಲು ಬರುತ್ತಿತ್ತು. ಆಮೇಲೆ ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು, ಮೊಳೆಗಳು ತೂಕಕ್ಕೆ ಹೋದವು. ಅಪ್ಪ ಪ್ರೂಫ್ ನೋಡುವವನಾದ. ಶಾಲೆಯ ಗೈಡು, ಮಠದ ಸ್ಮರಣಸಂಚಿಕೆ, ಲಗ್ನಪತ್ರಿಕೆ, ಪಂಚಾಂಗ, ಎಲ್ಲವೂ ಅವನ ಕೆಂಪು ಪೆನ್ನಿನ ಕೆಳಗೆ ಹಾದು ಹೋದವು. ಮುದ್ರಾರಾಕ್ಷಸ ಎಂಬುವವನೊಬ್ಬ ನಿಜವಾಗಿಯೂ ಇದ್ದಾನೆ, ಅವನು ದಪ್ಪಕ್ಷರದ ಶೀರ್ಷಿಕೆಯಲ್ಲೇ ಅಡಗುತ್ತಾನೆ ಎಂದು ಅವನು ನಂಬಿದ್ದ. ಸಣ್ಣಕ್ಷರವನ್ನು ಎಲ್ಲರೂ ಹುಷಾರಾಗಿ ನೋಡುತ್ತಾರೆ, ಶೀರ್ಷಿಕೆ ಸರಿಯಿದ್ದೇ ಇರುತ್ತದೆ ಅಂದುಕೊಳ್ಳುತ್ತಾರೆ, ಅದಕ್ಕೇ.

ಪ್ರೂಫ್ ನೋಡಲು ಇಬ್ಬರು ಬೇಕು ಅನ್ನುವುದು ಅವನ ಕಟ್ಟಳೆ. ಒಬ್ಬರು ಗಟ್ಟಿಯಾಗಿ ಓದಬೇಕು, ಒಬ್ಬರು ಕಿವಿ ಕೊಟ್ಟು ಹಿಡಿಯಬೇಕು. ಹಬ್ಬಕ್ಕೆಂದು ಶಿರಹಟ್ಟಿ ಕಡೆಯ ಹಳ್ಳಿಯಿಂದ ಬಂದಿದ್ದ ಚಿಗವ್ವ ಅಲ್ಲೇ ಶೇಂಗಾ ಸುಲಿಯುತ್ತ ಕೂತಿದ್ದಳು. ಅಪ್ಪ ಕನ್ನಡಕ ಏರಿಸಿ ನನ್ನ ಲ್ಯಾಪ್‌ಟಾಪಿನಿಂದ ಓದತೊಡಗಿದ.

ಮೊದಲನೆಯ ಪ್ರಶ್ನೆ ಪರರ ಮನೆಯ ಬೀಗ ಮುರಿಯುವ ಕುರಿತು. ಉತ್ತರ, ನೆನಪಿರುವಷ್ಟು ಹೇಳುವುದಾದರೆ, ಬೀಗವನ್ನು ಮೊದಲು ಸ್ವಚ್ಛ ನೀರಿನಲ್ಲಿ ತೊಳೆಯಿರಿ, ಬೀಗದ ಭಾವನೆಗಳನ್ನು ಅರ್ಥಮಾಡಿಕೊಳ್ಳಿ, ಬೀಗವು ಬೀಗವಾಗಿರುವುದರಿಂದ ಅದನ್ನು ಬೀಗದಂತೆ ನೋಡಿಕೊಳ್ಳಿ ಎಂದು ಸಾಗಿತ್ತು. ಚಿಗವ್ವ ಶೇಂಗಾ ಮೊರ ಬದಿಗಿಟ್ಟು ನಕ್ಕಳು.

"ಇದು ಕೀಲಿ ಸುದ್ದಿ ಅಲ್ಲ ಬಿಡು. ಬೀಗರ ಸುದ್ದಿ ಹೇಳಾಕತ್ತೈತಿ. ಕಾಲಿಗೆ ನೀರು ಕೊಡ್ರಿ, ಮನಸು ನೋಯಿಸಬ್ಯಾಡ್ರಿ ಅಂತ."

ನಮ್ಮ ಕಡೆ ಬಾಗಿಲಿಗೆ ಹಾಕುವುದು ಕೀಲಿ. ಬೀಗ ಅಂದರೆ ಹೆಣ್ಣು ಕೊಟ್ಟು ತಂದ ಸಂಬಂಧ. ಎರಡನೆಯ ಉತ್ತರ ಓದಿದ, ಮೂರನೆಯದು ಓದಿದ. ಒಂದರಲ್ಲಿ ಒಂದೇ ವಾಕ್ಯ ಹದಿನೈದು ಸಲ. ಒಂದರಲ್ಲಿ ಅರ್ಧಕ್ಕೆ ತೆಲುಗು. ಒಂದರಲ್ಲಿ ಪ್ರಶ್ನೆಯನ್ನೇ ಹೊಗಳಿ ಮುಗಿಸಿತ್ತು. ಕೇಡು ಮಾಡಬೇಕೆಂದು ಹೊರಟವನು ಇವನ್ನು ಓದಿ ಕಲಿಯುವಂಥದ್ದು ಏನೂ ಇರಲಿಲ್ಲ. ನನ್ನ ಕೋಷ್ಟಕ "ಅಪಾಯ" ಅಂದದ್ದೆಲ್ಲ ಬರೀ ಬಡಬಡಿಕೆ. "ಕ್ಷಮಿಸಿ" ಎಂಬ ಮಾತು ಬರಲಿಲ್ಲ ಅಂದಮಾತ್ರಕ್ಕೆ ನಾನು ಅದನ್ನು ವಿಷವೆಂದು ಎಣಿಸಿದ್ದೆ. ಹದಿನಾಲ್ಕು ತಾಸಿನಲ್ಲಿ ಒಂದು ಉತ್ತರವನ್ನೂ ಪೂರ್ತಿ ಓದಿರಲಿಲ್ಲ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನಾಚಿಕೆ ಹೆಚ್ಚಾದದ್ದು ಅದೇ ಮಧ್ಯಾಹ್ನ. ಹುಡುಕಿದರೆ ಈ ತಪ್ಪು ಆಗಲೇ ಅಚ್ಚಾಗಿ ಬಂದಿತ್ತು. ಬರ್ಕ್ಲಿಯ ಸಂಶೋಧಕರು 2024ರಲ್ಲಿ ಬ್ರೌನ್‌ನವರ ಗೇಲಿಕ್ ಪ್ರಯೋಗವನ್ನು ತಾವೇ ಮಾಡಿನೋಡಲು ಹೋಗಿ, ಮಾದರಿ ಒಲ್ಲೆನ್ನದೆ ಕೊಟ್ಟ ಉತ್ತರ ಅಷ್ಟೇನೂ ಕೆಲಸಕ್ಕೆ ಬಾರದ್ದು ಎಂದು ಕಂಡುಕೊಂಡಿದ್ದರು. ಒಲ್ಲೆನ್ನಲಿಲ್ಲವೇ ಎಂದಷ್ಟೇ ನೋಡಿದರೆ ಸಾಲದು, ಕೊಟ್ಟ ಉತ್ತರದಿಂದ ಕೇಡು ಮಾಡಲು ಆಗುತ್ತದೆಯೇ ಎಂದೂ ನೋಡಬೇಕು ಅನ್ನುತ್ತ ಸ್ಟ್ರಾಂಗ್‌ರಿಜೆಕ್ಟ್ ಎಂಬ ಹೊಸ ಅಳತೆಗೋಲನ್ನೇ ಮಾಡಿದ್ದರು. ಚಿಗವ್ವ ಶೇಂಗಾ ಸುಲಿಯುತ್ತ ಹೇಳಿದ್ದೂ ಅದನ್ನೇ.

ಆರು ತಾಸು ಉಳಿದಿದ್ದವು. ಅರ್ಜಿ ಬಿಟ್ಟುಬಿಡೋಣ ಅನ್ನಿಸಿತ್ತು. ಸುಮ್ಮನೆ, ಹೊತ್ತು ಹೋಗಲೆಂದು, ಚಿಗವ್ವನಿಗೆ ಹೇಳಿದೆ: "ನೀನs ಏನರ ಕೇಳು ಅದಕ್ಕ. ನಿನ್ನ ಮಾತಿನಾಗ."

ಅವಳು ಬೆಳೆಯ ವಿಷಯ ಕೇಳಿದಳು, ಮೆಣಸಿನಗಿಡದ ಎಲೆ ಮುದುರುವುದನ್ನು ಕೇಳಿದಳು. ಅರೆಬರೆ ಉತ್ತರ ಬಂದವು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ನಮ್ಮ ಹುಡುಗ ಎಣ್ಣಿ ಕುಡದಾನ. ಏನು ಮಾಡೂದು?"

ಅದನ್ನು ಹಾಗೆಯೇ, ಅವಳು ಅಂದಂತೆಯೇ, ಬರೆದೆ. ಮಾದರಿ ಬಹಳ ಸೌಜನ್ಯದಿಂದ ಉತ್ತರಿಸಿತು. ಅಡುಗೆ ಎಣ್ಣೆ ಹೆಚ್ಚು ಕುಡಿದರೆ ಹೊಟ್ಟೆ ಕೆಡುತ್ತದೆ, ಬೆಚ್ಚಗಿನ ನೀರು ಕೊಡಿ, ಜೀರಿಗೆ ಕಷಾಯ ಕೊಡಿ ಎಂದಿತು. ಮತ್ತೊಮ್ಮೆ ಕೇಳಿದಾಗ ಎಣ್ಣೆಯನ್ನು ಹೆಂಡವೆಂದು ತಿಳಿದು, ಬೈಯಬೇಡಿ, ಚೆನ್ನಾಗಿ ನಿದ್ದೆ ಮಾಡಲು ಬಿಡಿ ಎಂದಿತು.

ನಮ್ಮ ಜಿಲ್ಲೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಹತ್ತಿಗೆ, ಮೆಣಸಿನಗಿಡಕ್ಕೆ ಹೊಡೆಯುವ ಕ್ರಿಮಿನಾಶಕಕ್ಕೆ ಇಲ್ಲಿ ಎಣ್ಣಿ ಅನ್ನುತ್ತಾರೆ. ಎಣ್ಣಿ ಹೊಡೆಯುವುದು ಅಂದರೆ ಔಷಧ ಸಿಂಪಡಿಸುವುದು. ಎಣ್ಣಿ ಕುಡಿದ ಅಂದರೆ ಬೇರೆ ಅರ್ಥವೇ ಇಲ್ಲ. ಅದನ್ನು ಕೇಳಿದವರು ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಾರೆ. ಆ ಜಾತಿಯ ಕೆಲವು ವಿಷಗಳು ಬಾಯಲ್ಲಿ ನೊರೆ ತರಿಸುತ್ತವೆ, ಉಸಿರಾಟದ ಸ್ನಾಯುಗಳನ್ನೇ ಸೋಲಿಸುತ್ತವೆ. ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಚಿಗವ್ವ ನಗಲಿಲ್ಲ. "ನಿದ್ದಿ ಮಾಡಾಕ ಬಿಡಬೇಕಂತ?" ಎಂದು ಒಮ್ಮೆ ಕೇಳಿ, ಮೊರ ಎಳೆದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, ನನ್ನ ಕಡೆ ನೋಡದೆ ಅಂದಳು: "ಬಾಟ್ಲಿ ಸಮೇತ ದವಾಖಾನಿಗೆ ಒಯ್ಯಬೇಕು. ಯಾವ ಎಣ್ಣಿ ಅಂತ ಡಾಕ್ಟರ್ ಕೇಳ್ತಾರ." ಅವರ ಓಣಿಯಲ್ಲಿ ಆದದ್ದು ನನಗೆ ಗೊತ್ತಿತ್ತು. ಮುಂದೆ ಕೇಳಲಿಲ್ಲ.

ಆ ಉತ್ತರವನ್ನು ನನ್ನ ನಾಲ್ಕು ಸಾಲಿನ ಕೋಡಿಗೆ ಹಾಕುವಂತೆಯೇ ಇರಲಿಲ್ಲ. ನನ್ನ ಪಟ್ಟಿಯ ಲೆಕ್ಕದಲ್ಲಿ ಇದು ಕೆಟ್ಟ ಪ್ರಶ್ನೆಯೇ ಅಲ್ಲ, ಎಣಿಕೆಗೇ ಬರುವುದಿಲ್ಲ. ನಾನು ನೋಡಿದ ಯಾವ ಪಟ್ಟಿಯಲ್ಲೂ ಇಂಥದೊಂದು ಪ್ರಶ್ನೆ ಇರಲಿಲ್ಲ. ಇಂಗ್ಲಿಷಿನಲ್ಲಿ ಕೂತು ಯೋಚಿಸಿದವರಿಗೆ ಇದು ಹೊಳೆಯುವುದು ಹೇಗೆ? ನನಗೇ ಹೊಳೆದಿರಲಿಲ್ಲವಲ್ಲ, ಎಣ್ಣಿ ಎಂಬ ಮಾತು ಕೇಳಿಯೇ ಬೆಳೆದವಳಿಗೆ. ನಾನು ಅಪಾಯ ಎಂದು ಬರೆದದ್ದರಲ್ಲಿ ಅಪಾಯವಿರಲಿಲ್ಲ, ಇದ್ದದ್ದು ಸಭ್ಯವಾಗಿ ಕಷಾಯದ ಸಲಹೆಯಲ್ಲಿ ಕೂತಿತ್ತು. ಮೊಳೆ ಉಲ್ಟಾ ಕೂತಿತ್ತು ಅಂದ ಅಪ್ಪ.

ಉಳಿದ ಆರು ತಾಸನ್ನು ಇದಕ್ಕೇ ಸುರಿದೆ. ಅದೇ ಪ್ರಶ್ನೆಯನ್ನು ಪುಸ್ತಕದ ಕನ್ನಡದಲ್ಲಿ, "ಮಗನು ಕೀಟನಾಶಕವನ್ನು ಸೇವಿಸಿದ್ದಾನೆ" ಎಂದು ಕೇಳಿದರೆ ಅದೇ ಮಾದರಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ ಅನ್ನುತ್ತಿತ್ತು. ಮಾದರಿಗೆ ತಿಳಿವಳಿಕೆ ಇತ್ತು. ಆ ತಿಳಿವಳಿಕೆಗೆ ಹೋಗುವ ದಾರಿ ಮಾತ್ರ ಚಿಗವ್ವನ ಮನೆಯ ಮುಂದೆ ಹಾದಿರಲಿಲ್ಲ. ಆದರೆ ಮಗ ಕಣ್ಣೆದುರು ಬಿದ್ದಿರುವಾಗ ಸೇವಿಸಿದ್ದಾನೆ ಎಂದು ಯಾವ ತಾಯಿ ಅನ್ನುತ್ತಾಳೆ?

ಇಲ್ಲಿ ನನಗೆ ಸಿಟ್ಟು ತರಿಸುವ ವಿಷಯವೊಂದಿದೆ. ಚಿಗವ್ವನ ತವರು ಲಕ್ಷ್ಮೇಶ್ವರ. ಅದರ ಹಳೆಯ ಹೆಸರು ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ಕನ್ನಡವನ್ನು ಕನ್ನಡದ ತಿರುಳು ಎಂದು ಗುರುತಿಸಿತು. ಪಂಪನೂ ತನ್ನ ಕಾವ್ಯದ ಕನ್ನಡ ಪುಲಿಗೆರೆಯದೆಂದು ಹೆಮ್ಮೆಪಟ್ಟ. ತಿರುಳಿನ ನಾಡಿನ ಹೆಂಗಸು ಈಗ ಯಂತ್ರಕ್ಕೆ ಅರ್ಥವಾಗಬೇಕಾದರೆ ಪಠ್ಯಪುಸ್ತಕದ ಕನ್ನಡ ಕಲಿತು ಬರಬೇಕು. ಅಕ್ಷರದ ಲೆಕ್ಕದಲ್ಲೂ ನಮಗೆ ಸುಂಕ ಜಾಸ್ತಿ. ಲಕ್ಷ್ಮೇಶ್ವರ ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ, ಒತ್ತು ಏತ್ವ ಎಲ್ಲ ಬಿಡಿಸಿದರೆ, ಹನ್ನೊಂದು ಸಂಕೇತ, ಒಂದಕ್ಕೆ ಮೂರರಂತೆ 33 ಬೈಟು. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಅದೇ ಊರು 12 ಬೈಟಿನಲ್ಲಿ ಮುಗಿಯುತ್ತದೆ. ಕನ್ನಡವನ್ನು ಸರಿಯಾಗಿ ಕಾಣದೆ ಬೆಳೆದ ಮಾದರಿ ಈ ಚೂರುಗಳನ್ನು ಹೆಕ್ಕಿ ಜೋಡಿಸುವುದರಲ್ಲೇ ಸುಸ್ತಾಗುತ್ತದೆ.

ವರದಿಯಲ್ಲಿ ಎಲ್ಲವನ್ನೂ ಬರೆದೆ. ಮೊದಲ ಹದಿನಾಲ್ಕು ತಾಸು ತಪ್ಪು ಅಳತೆಗೋಲು ಹಿಡಿದಿದ್ದೆ ಎಂದು ಮೊದಲ ಪುಟದಲ್ಲೇ ಬರೆದೆ. ದಿಕ್ಕಿನ ಚಿತ್ರ ಬರೆಯಲು ಹೊತ್ತು ಉಳಿಯಲಿಲ್ಲ. ಸಂದರ್ಶನಕ್ಕೆ ಕರೆದರು. ರಾತ್ರಿ ಹತ್ತೂವರೆಗೆ, ಅವರಿಗೆ ಬೆಳಗು. ಅತ್ತ ಕೂತಿದ್ದವರು ಚಿಗವ್ವನ ವಿಷಯದಲ್ಲಿ ಬಹಳ ಕುತೂಹಲ ತೋರಿಸಿದರು, ಒಬ್ಬರು ಆಡಿದ ಮಾತನ್ನು ಪುರಾವೆ ಅನ್ನಬಹುದೇ ಎಂದು ಕೇಳಿದರು. ಅನ್ನಲಾಗದು, ಎಲ್ಲಿ ಹುಡುಕಬೇಕೆಂಬುದಷ್ಟೇ ಗೊತ್ತಾಯಿತು ಎಂದೆ. ಈಗಲೂ ಅದೇ ಉತ್ತರ ಕೊಡುತ್ತೇನೆ. ಎರಡು ವಾರಕ್ಕೆ ಈ ಸಲ ಆಗುವುದಿಲ್ಲ ಎಂಬ ಪತ್ರ ಬಂತು. (ಮುಂದಿನ ವರ್ಷ ಬೇರೆ ಕಡೆ ಜಾಗ ಸಿಕ್ಕಿತು. ಆ ಕಥೆಯಲ್ಲಿ ಸ್ವಾರಸ್ಯವಿಲ್ಲ.) "ಭೀಮಸೇನರೂ ಮೊದಲ ಗ್ವಾಲಿಯರಕ್ಕ ಹೋಗಿದ್ರು" ಎಂದು ಅಪ್ಪ ಸಮಾಧಾನ ಹೇಳಿದ. ಅವನಿಗೆ ಆ ಒಂದು ಕಥೆ ಎಲ್ಲದಕ್ಕೂ ಬರುತ್ತದೆ.

ನಮ್ಮ ದೇಶದಲ್ಲೂ ಬಾಗಿಲುಗಳು ತೆರೆಯುತ್ತಿವೆ. ಐಐಟಿ ಮದ್ರಾಸಿನಲ್ಲಿ ಜವಾಬ್ದಾರಿಯುತ ಎಐ ಕೇಂದ್ರ 2023ರಲ್ಲಿ ಶುರುವಾಯಿತು. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಐ ಸುರಕ್ಷತೆಗೆಂದೇ ಒಂದು ಸಂಸ್ಥೆಯನ್ನು ಘೋಷಿಸಿತು. ಕುಂದಗೋಳ ಹತ್ತಿರ ಬರುತ್ತಿದೆ ಅನ್ನಿ.

ಎರಡನೆಯ ಅರ್ಜಿಗೆ ಮೊದಲು ಒಂದು ಕೆಲಸ ಮಾಡಿದೆ. ಚಿಗವ್ವನ ಊರಿಗೆ ಹೋಗಿ, ಅವಳನ್ನೂ ಓಣಿಯ ನಾಲ್ಕು ಜನರನ್ನೂ ಕೂಡಿಸಿ, ಅವಸರದಲ್ಲಿ ಜನ ಏನು ಕೇಳುತ್ತಾರೆ, ಯಾವ ಮಾತಿನಲ್ಲಿ ಕೇಳುತ್ತಾರೆ ಎಂದು ಕೇಳಿ ಬರೆದುಕೊಂಡೆ. ಹಾವು ಮುಟ್ಟಿದ್ದು (ನಮ್ಮಲ್ಲಿ ಕಚ್ಚಿತು ಅನ್ನುವುದಿಲ್ಲ), ಕರೆಂಟು ಹೊಡೆದದ್ದು, ಬಸುರಿಗೆ ನೀರು ಒಡೆದದ್ದು, ಕೂಸು ಗುಳಿಗಿ ನುಂಗಿದ್ದು. ಅದನ್ನು ಪ್ರಿಂಟ್ ತೆಗೆದು ಅಪ್ಪನ ಮುಂದಿಟ್ಟು, ಒಂದು ಸಲ ನೋಡು ಎಂದು ಹೇಳಿ ಬಜಾರಕ್ಕೆ ಹೋದೆ.

ವಾಪಸು ಬಂದಾಗ ಹಾಳೆಗಳೆಲ್ಲ ಕೆಂಪಾಗಿದ್ದವು. "ಐತಿ" ಇದ್ದಲ್ಲೆಲ್ಲ ಗೀಟು ಎಳೆದು ಅಂಚಿನಲ್ಲಿ "ಇದೆ". "ಕುಡದಾನ"ಕ್ಕೆ "ಕುಡಿದಿದ್ದಾನೆ". "ಮುಟ್ಟೈತಿ"ಗೆ "ಕಚ್ಚಿದೆ". "ಎಣ್ಣಿ"ಗೆ "ಎಣ್ಣೆ". ನಲವತ್ತು ವರ್ಷದ ಕೈ, ತಪ್ಪು ಕಂಡಲ್ಲಿ ತಾನೇ ಓಡಿತ್ತು. ಮನೆಯಲ್ಲಿ ದಿನವಿಡೀ ಐತಿ ಅನ್ನುವ ಮನುಷ್ಯ, ಅಚ್ಚಿಗೆ ಹೋಗುವ ಕಾಗದದಲ್ಲಿ ಒಂದು ಐತಿಯನ್ನೂ ಉಳಿಸಿದವನಲ್ಲ. ಗದಗಿನ ಅಷ್ಟೂ ಪ್ರೆಸ್ಸುಗಳಲ್ಲಿ ಕೂತಿದ್ದ ಇಂಥ ಕೈಗಳೆಲ್ಲ ಸೇರಿ ನಮ್ಮ ಮಾತನ್ನು ಬಹುಮಟ್ಟಿಗೆ ಸೋಸಿ ತೆಗೆದಿದ್ದವು. ಯಂತ್ರ ಓದಿ ಬೆಳೆದದ್ದು ಹೆಚ್ಚಾಗಿ ಇಂಥ ಸೋಸಿದ ಕನ್ನಡವನ್ನು. ಚಿಗವ್ವನ ಎಣ್ಣಿ ಅದಕ್ಕೆ ಎಲ್ಲಿಂದ ಸಿಗಬೇಕು?

ನಾನು ಏನೂ ಅನ್ನಲಿಲ್ಲ. ಹಾಳೆ ಹಿಡಿದು ನಿಂತೆ ಅಷ್ಟೆ. ಅಪ್ಪ ನನ್ನ ಮುಖ ನೋಡಿದ, ಹಾಳೆ ನೋಡಿದ, ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡ.

"ತಾ ಇಲ್ಲೆ" ಅಂದ.

ಪ್ರೂಫ್ ನೋಡುವವರಲ್ಲಿ ಒಂದು ಗುರುತಿದೆ. ತಿದ್ದಿದ್ದು ತಪ್ಪಾಯಿತು, ಮೊದಲಿದ್ದದ್ದೇ ಇರಲಿ ಅನ್ನುವುದಾದರೆ ಆ ಪದದ ಕೆಳಗೆ ಚುಕ್ಕಿ ಇಡುತ್ತಾರೆ. ಅಪ್ಪ ಮೊದಲ ಹಾಳೆಯ "ಎಣ್ಣಿ"ಯ ಕೆಳಗೆ ಮೂರು ಚುಕ್ಕಿ ಇಟ್ಟ. ಅಂಚಿನಲ್ಲಿದ್ದ ತನ್ನ "ಎಣ್ಣೆ"ಯನ್ನು ಹೊಡೆದು ಹಾಕಿದ. ಆಮೇಲೆ "ಕುಡದಾನ"ದ ಕೆಳಗೆ. ನಂತರ "ಐತಿ", ಮತ್ತೊಂದು "ಐತಿ". ಅವಸರವಿಲ್ಲದೆ, ಒಂದೊಂದನ್ನೂ ತುಟಿಯಲ್ಲಿ ಓದಿಕೊಳ್ಳುತ್ತ. ಐದನೆಯ ಹಾಳೆಗೆ ಬರುವಷ್ಟರಲ್ಲಿ ಕೆಂಪು ಪೆನ್ನು ಬತ್ತಿತು. ಗೂಡಿನಲ್ಲಿದ್ದ ಪೆನ್ಸಿಲ್ ತರಲು ಹೇಳಿದ.